ಬೈಸಿಕೊಂಡರೆ ಎರಡು ಪಾಲು

ಮಕ್ಕಳೇ, ಒಂದು ಕುರುಚಲು ಕಾಡು. ಅದರ ನಡುವೆ ಒಂದು ಹಳ್ಳ. ಹಳ್ಳದ ತಿರುವಿನಲ್ಲಿ ಆಳವಾದ ಮಡು. ಬೇಸಿಗೆಯಲ್ಲಿ ಹಳ್ಳವೂ ಒಣಗುತ್ತದೆ, ಮಡುವೂ ಒಣಗುತ್ತದೆ. ಮೊದಲ ದೊಡ್ಡ ಮಳೆಗೆ ಮಡು ಒಂದೇ ಏಟಿಗೆ ತುಂಬುತ್ತದೆ. ಇದು ಆ ಕಾಡಿನ ಇರುವೆಗೂ ಗೊತ್ತು.

ಆ ಕಾಡಿನಲ್ಲಿ ಚಿಪ್ಪುಹಂದಿಗಳಿದ್ದವು. ನೋಡಿಲ್ಲದವರಿಗೆ ಹೇಳುತ್ತೇನೆ. ಮೈತುಂಬ ಚಿಪ್ಪು. ಮೊಳದುದ್ದ ನಾಲಿಗೆ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಕಣ್ಣು ಮಂದ, ಮೂಗು ಚುರುಕು. ಗಟ್ಟಿ ಉಗುರಿನಿಂದ ಹುತ್ತ ಅಗೆದು ಗೆದ್ದಲು ತಿನ್ನುತ್ತವೆ. ಹೆದರಿಕೆಯಾದರೆ ತಲೆಯನ್ನು ಹೊಟ್ಟೆಗೆ ಒತ್ತಿ, ಬಾಲ ಸುತ್ತಿ, ಉಂಡೆಯಾಗುತ್ತವೆ. ಆ ಉಂಡೆಯನ್ನು ಚಿರತೆಯೂ ಬಿಚ್ಚಲಾರದು.

ಕಗ್ಗಲಿ ಮರದ ಬುಡದ ಬಿಲದಲ್ಲಿ ಅಕ್ಕ ತಮ್ಮ ಇದ್ದರು. ಅಕ್ಕ ಚೌಡಕ್ಕ, ತಮ್ಮ ಸಣ್ಣೀರ. ಸಣ್ಣೀರ ಪುಕ್ಕಲ. ಒಣಗಿದ ಎಲೆ ಬಿದ್ದರೂ ಉಂಡೆಯಾಗುತ್ತಿದ್ದ.

"ಅದು ಎಲೆ ಕಣೋ. ಎಲೆ ಕಚ್ಚುತ್ತಾ?" ಎಂದು ಚೌಡಕ್ಕ ಬೈಯುತ್ತಿದ್ದಳು. ಬೈದು ಸುಮ್ಮನಾಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. "ನಮ್ಮವನು ನಿನ್ನೆ ತನ್ನ ಸೀನಿಗೆ ತಾನೇ ಹೆದರಿದ." ಕೇಳಿದವರು ನಗುತ್ತಿದ್ದರು. ಸಣ್ಣೀರ ಮಾತ್ರ ನಗುತ್ತಿರಲಿಲ್ಲ.

ಅದೇ ಕಾಡಿನಲ್ಲಿ ಉಂಡೆಯಪ್ಪ ಎಂಬ ಚಿಪ್ಪುಹಂದಿ ಇದ್ದ. ಒಂದು ಮಧ್ಯಾಹ್ನ ಚಿರತೆಯೊಂದು ಅವನನ್ನು ಮೂಸಿತು. ಅವನು ಸುತ್ತಿಕೊಂಡ. ಚಿರತೆ ಎರಡು ಸಲ ಉರುಳಿಸಿ ನೋಡಿ, ಆಕಳಿಸಿ ಹೊರಟುಹೋಯಿತು. ಅದು ಆಗಷ್ಟೇ ಒಂದು ಜಿಂಕೆ ಮುಗಿಸಿತ್ತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಉಂಡೆಯಪ್ಪ ಎದ್ದು, ತನಗೆ ಸತ್ಯ ಕಾಣಿಸಿತು ಎಂದ.

"ಸುತ್ತಿಕೊಂಡವನು ಉಳಿದ. ಬಿಚ್ಚಿಕೊಂಡವನು ಸತ್ತ."

ಮೊದಮೊದಲು ಇದರಲ್ಲಿ ತಪ್ಪೇನೂ ಇರಲಿಲ್ಲ. ಚಿರತೆ ಬಂದರೆ ಸುತ್ತಿಕೊಳ್ಳಬೇಕು, ಸರಿಯೇ. ಆಮೇಲೆ ನರಿ ಬಂದರೂ ಎಂದ. ಆಮೇಲೆ ನರಿ ಬರಬಹುದು ಅನ್ನಿಸಿದರೂ ಎಂದ. ಕೊನೆಗೆ ಊಟದ ಹೊತ್ತು ಬಿಟ್ಟರೆ ಬಿಚ್ಚಲೇಬಾರದು ಎಂದ. ಒಪ್ಪಿದವರನ್ನು ಕರೆದುಕೊಂಡು ಹೋಗಿ ಒಣ ಮಡುವಿನಲ್ಲಿ ಕೂರಿಸಿದ.

"ಮೊದಲ ಮಳೆಗೆ ಈ ಮಡು ತುಂಬುತ್ತದೆ. ಗಟ್ಟಿಯಾಗಿ ಸುತ್ತಿಕೊಂಡವರು ತೇಲಿಕೊಂಡು ಹುತ್ತಗಳ ಲೋಕಕ್ಕೆ ಹೋಗುತ್ತಾರೆ. ಅಲ್ಲಿ ಅಗೆಯುವ ಕೆಲಸವಿಲ್ಲ. ಹುತ್ತ ತಾನೇ ಬಾಯಿ ತೆರೆಯುತ್ತದೆ."

ಸುತ್ತಿಕೊಂಡ ಚಿಪ್ಪುಹಂದಿ ನೀರಿಗೆ ಬಿದ್ದರೆ ಕಲ್ಲಿನ ಹಾಗೆ ಮುಳುಗುತ್ತದೆ. ಅದನ್ನು ಅಲ್ಲಿ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಒಂದು ದಿನ ಸಣ್ಣೀರ ಆ ದಾರಿಯಲ್ಲಿ ಬಂದ. ಎಲೆ ಬಿತ್ತು. ಉಂಡೆಯಾದ. ಉಂಡೆಯಪ್ಪ ನೋಡಿದ.

"ಎಲೆ ಬಿದ್ದರೂ ಸುತ್ತಿಕೊಳ್ತೀಯಾ? ಎಂಥ ಪುಣ್ಯವಂತನಪ್ಪ ನೀನು."

ಸಣ್ಣೀರನನ್ನು ಹುಟ್ಟಿದಂದಿನಿಂದ ಯಾರೂ ಹಾಗೆ ಕರೆದಿರಲಿಲ್ಲ. ಅವನು ಅವತ್ತು ಬಿಲಕ್ಕೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಮಡುವಿನಲ್ಲಿ ಬೆಚ್ಚಗಿತ್ತು. ಯಾರೂ ನಗುತ್ತಿರಲಿಲ್ಲ. ಆದರೆ ಕೆಲವು ಪದ್ಧತಿಗಳಿದ್ದವು. ಬೆಳಗ್ಗೆ ಎದ್ದ ಕೂಡಲೇ ಮಡುವಿನ ಮೂಲೆಯಲ್ಲಿ ಒಣಗದೆ ಉಳಿದ ಗಬ್ಬು ಕೆಸರಿನಲ್ಲಿ ಹೊರಳಬೇಕು. ಹೊರಳಿದ ಮೇಲೆ ಎಲ್ಲರದೂ ಒಂದೇ ವಾಸನೆ. ಅಕ್ಕನ ವಾಸನೆಯಿಲ್ಲ, ಮನೆಯ ವಾಸನೆಯಿಲ್ಲ. ಹೊಸದಾಗಿ ಬಂದವರು ಒಂದು ತಿಂಗಳು ಎಲ್ಲರಿಗೂ ಗೆದ್ದಲು ಅಗೆದು ತರಬೇಕು. ಆಮೇಲೆ ಬಂಡೆಗೆ ಉಜ್ಜಿ ಉಗುರು ಸವೆಸಬೇಕು, ಅದು ವ್ರತ. ಉಗುರಿಲ್ಲದವನು ಹೊರಗೆ ಹೋದರೆ ಒಂದು ಹುತ್ತವನ್ನೂ ಅಗೆಯಲಾರ. ಮಲಗುವಾಗ ಪಕ್ಕದವನ ಬಾಲದ ತುದಿ ನಿನ್ನ ಸುರುಳಿಯೊಳಗಿರಬೇಕು, ನಿನ್ನದು ಇನ್ನೊಬ್ಬನ ಸುರುಳಿಯೊಳಗೆ. ಯಾರೇ ಮಿಸುಕಿದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಎದ್ದು ಹೋದವನನ್ನು ಯಾರೂ ಮೂಸಬಾರದು. ಅವನು ಸತ್ತ ಲೆಕ್ಕ.

ತಿಂಗಳೊಪ್ಪತ್ತು ಹುಡುಕಿ, ಕೊನೆಗೆ ಸುದ್ದಿ ತಿಳಿದು, ಚೌಡಕ್ಕ ಮಡುವಿನ ದಡಕ್ಕೆ ಬಂದಳು. ಕೆಳಗೆ ಹದಿಮೂರು ಉಂಡೆಗಳು. ಎಲ್ಲದರದೂ ಒಂದೇ ನಾತ.

"ಲೋ ಸಣ್ಣೀರಾ, ಎದ್ದು ಬಾರೋ."

"ಯಾರದು?" ಎಂದಿತು ಒಂದು ಉಂಡೆ.

"ನಿನ್ನ ಅಕ್ಕ ಕಣೋ."

"ವಾಸನೆ ಗೊತ್ತಾಗ್ತಿಲ್ಲ."

"ಆ ಕೊಳಕು ಬಳಿದುಕೊಂಡರೆ ನಿನ್ನ ವಾಸನೆ ನಿನಗೇ ಗೊತ್ತಾಗಲ್ಲ. ಮಳೆ ಹತ್ತಿರ ಬಂತು. ಮುಳುಗಿ ಸಾಯ್ತೀಯ."

"ತೇಲ್ತೀವಿ."

"ಯಾರು ತೇಲಿದ್ದನ್ನು ನೋಡಿದೀಯ?"

"ನೋಡಬೇಕಾದ್ರೆ ಬಿಚ್ಚಬೇಕು. ಬಿಚ್ಚಬಾರದು."

ಚೌಡಕ್ಕ ಇಳಿಜಾರಿನಲ್ಲಿ ಕೆಳಗಿಳಿದಳು.

"ನಿಮ್ಮೆಲ್ಲರ ಉಗುರು ಸವೆದು ಬೋಳಾಗಿದೆ. ನಿಮ್ಮ ಗುರುವಿನ ಉಗುರು ನೋಡಿ, ಕುಡುಗೋಲಿನ ಹಾಗಿದೆ. ಅದು ಯಾಕೆ?"

"ನಮ್ಮೆಲ್ಲರ ಉಗುರಿನ ಭಾರವನ್ನು ಗುರುಗಳೊಬ್ಬರೇ ಹೊತ್ತಿದ್ದಾರೆ," ಎಂದಿತು ಎರಡನೆಯ ಉಂಡೆ.

"ಇದನ್ನೇ ಕೇಳ್ತಾರೆ ಅಂತ ಗುರುಗಳು ಮೊನ್ನೆಯೇ ಹೇಳಿದ್ರು," ಎಂದಿತು ಮೂರನೆಯದು.

ಚೌಡಕ್ಕನಿಗೆ ರೇಗಿತು. ಹೇಡಿಗಳು ಅಂದಳು. ಸಗಣಿ ಉಂಡೆಗಳು ಅಂದಳು. ಉಂಡೆಯಪ್ಪನನ್ನು ಕಳ್ಳ ಅಂದಳು. ತಮ್ಮನ ಬೆನ್ನಿಗೆ ಉಗುರು ಹಾಕಿ ಎಳೆದಳು. ಅವನು ಇನ್ನಷ್ಟು ಬಿಗಿಯಾದ. ಅವನನ್ನು ನೋಡಿ ಉಳಿದವರೂ ಬಿಗಿಯಾದರು.

ಉಂಡೆಯಪ್ಪ ಬಂಡೆಯ ಮೇಲೆ ಕೂತು ಆರಾಮಾಗಿ ಕೇಳುತ್ತಿದ್ದ.

"ಬೈದಾಯಿತಾ ತಾಯಿ? ಇನ್ನೂ ಇದ್ದರೆ ಬೈಯಿರಿ. ಅವಸರವಿಲ್ಲ."

ಚೌಡಕ್ಕನ ಬಳಿ ಇನ್ನೂ ಇತ್ತು. ಅದನ್ನೂ ಬೈದು ಮುಗಿಸಿದಳು. ಉಂಡೆಯಪ್ಪ ತನ್ನವರ ಕಡೆ ತಿರುಗಿದ.

"ಕೇಳಿದಿರಾ? ಲೋಕ ನಮ್ಮನ್ನು ದ್ವೇಷಿಸುತ್ತೆ ಅಂದಿದ್ದೆ. ಬಂದು ದ್ವೇಷಿಸಿತು. ಇವತ್ತು ಬೈಸಿಕೊಂಡ ದಿನ. ಎಲ್ಲರಿಗೂ ಎರಡು ಪಾಲು ಗೆದ್ದಲು."

ಉಂಡೆಗಳು ಸಂತೋಷದಿಂದ ಬಿಚ್ಚಿಕೊಂಡು ತಿಂದವು. ಒಂದು ಮೆಲ್ಲಗೆ ಪಕ್ಕದವನನ್ನು ಕೇಳಿತು, "ನಾಳೆಯೂ ಬರ್ತಾಳಾ?"

ಬಂದಳು. ಏಳು ದಿನ ಬಂದಳು. ಏಳು ದಿನವೂ ಎರಡು ಪಾಲು. ಸಣ್ಣೀರ ದಪ್ಪಗಾದ.

ಸುದ್ದಿ ಮುಸುವಗಳಿಗೆ, ಅಂದರೆ ಕರಿಮುಖದ ಕೋತಿಗಳಿಗೆ, ಮುಟ್ಟಿತು. ಅವುಗಳ ಮುಖಂಡ ಬೋಡ. ಅವನ ಗುಂಪಿಗೆ ಬೇಸಿಗೆಯಲ್ಲಿ ಕೆಲಸವಿರಲಿಲ್ಲ. ಮಡುವಿನ ಮೇಲಿನ ಮರದಲ್ಲಿ ಕೂತು ಕಾಯಿ ಎಸೆದವು. "ಏ ಹಲಸಿನಕಾಯಿಗಳಾ, ಹಣ್ಣಾಗೋದು ಯಾವಾಗ?" ಎಂದು ಕೂಗಿದವು. ಗಲಾಟೆ ಕೇಳಿ ಬೇರೆ ಕಡೆಯ ಚಿಪ್ಪುಹಂದಿಗಳು ಏನು ಅಂತ ನೋಡಲು ಬಂದವು. ತಮ್ಮವರ ಮೇಲೆ ಮುಸುವಗಳು ಕಾಯಿ ಎಸೆಯುವುದನ್ನು ನೋಡಿ ಅವಕ್ಕೆ ಸಿಟ್ಟು ಬಂತು. ಆರು ಅಲ್ಲೇ ಸೇರಿಕೊಂಡವು. ಹದಿಮೂರು ಇದ್ದದ್ದು ಹತ್ತೊಂಬತ್ತಾಯಿತು.

ಚೌಡಕ್ಕ ದಾರಿಯ ಬಂಡೆಯ ಮೇಲೆ ಕೂತು ಅತ್ತಳು. ಅಲ್ಲಿ ನಂಜಣ್ಣ ಎಂಬ ಮುದಿ ಉಡ ಬಿಸಿಲು ಕಾಯಿಸುತ್ತಿದ್ದ.

"ನಂಜಣ್ಣ, ನಾನು ಹೇಳೋದರಲ್ಲಿ ತಪ್ಪೇನಿದೆ?"

"ಏನೂ ಇಲ್ಲ."

"ಮತ್ತೆ ಯಾಕೆ ಅವನು ಕೇಳಲ್ಲ?"

ಉಡ ಬಾಲ ಎತ್ತಿ ಅವಳ ಬೆನ್ನಿಗೆ ಒಂದು ಬಾರಿಸಿದ. ಚೌಡಕ್ಕ ಗಕ್ಕನೆ ಉಂಡೆಯಾದಳು. ಉಡ ಮತ್ತೆ ಬಿಸಿಲಿಗೆ ಮೈಚಾಚಿದ. ಸ್ವಲ್ಪ ಹೊತ್ತು ಕಳೆಯಿತು. ಚೌಡಕ್ಕ ಮೊದಲು ಮೂಗು ಹೊರಗೆ ಹಾಕಿದಳು, ಆಮೇಲೆ ತಲೆ.

"ಯಾಕೆ ಹೊಡೆದೆ?"

"ನೀನು ಯಾಕೆ ಬಿಚ್ಚಿಕೊಂಡೆ?"

"ನೀನು ಸುಮ್ಮನಾದೆ, ಅದಕ್ಕೆ."

ಉಡ ಕಣ್ಣು ಮುಚ್ಚಿದ. ಅವನ ಮಾತು ಮುಗಿದಿತ್ತು.

ಚೌಡಕ್ಕ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಎದ್ದವಳು ನೇರವಾಗಿ ಮುಸುವಗಳ ಮರಕ್ಕೆ ಹೋದಳು.

"ಬೋಡಣ್ಣ, ಎಂಟು ದಿನ ಮಡುವಿನ ಕಡೆ ಹೋಗಬೇಡಿ. ಯಾರೂ ಬೈಯಬೇಡಿ."

"ಎಂಟು ದಿನವಾ? ನಮ್ಮ ಹುಡುಗರು ಸತ್ತೇ ಹೋಗ್ತಾರೆ ಚೌಡಕ್ಕ."

"ಗುಡ್ಡದಾಚೆ ಅತ್ತಿ ಹಣ್ಣಾಗಿದೆ."

"ಅದನ್ನು ಮೊದಲೇ ಹೇಳಬಾರದಾ."

ಮರುದಿನದಿಂದ ಚೌಡಕ್ಕ ಸಂಜೆ ಮಡುವಿನ ದಡಕ್ಕೆ ಬಂದು ಕೂರುತ್ತಿದ್ದಳು. ಪಕ್ಕದ ಹುತ್ತ ಅಗೆದು ಗೆದ್ದಲು ತಿನ್ನುತ್ತಿದ್ದಳು. ಮನೆಯ ಮಾತು ಒಂದೆರಡು ಆಡುತ್ತಿದ್ದಳು. "ಬಿಲದ ಬಾಯಿಗೆ ಬೇರು ಬಂದಿದೆ, ತೆಗೀಬೇಕು." "ಮುಳ್ಳುಹಂದಿ ಮನೇಲಿ ಮರಿಯಾಗಿದೆ." ಅಷ್ಟೇ ಹೇಳಿ ಎದ್ದು ಹೋಗುತ್ತಿದ್ದಳು. ಬೈಗುಳ ಬಾಯಿಗೆ ಬರುತ್ತಿತ್ತು. ನುಂಗುತ್ತಿದ್ದಳು. ಮೊಳದುದ್ದ ನಾಲಿಗೆಯನ್ನು ಒಳಗೆ ಇಟ್ಟುಕೊಳ್ಳುವುದು ಸುಲಭವಲ್ಲ.

ಮಡುವಿಗೆ ಬೈಗುಳ ಬರುವುದು ನಿಂತಿತು.

ಮೊದಲ ದಿನ ಉಂಡೆಯಪ್ಪ ಹೇಳಿದ, "ಅವರು ನಮಗೆ ಹೆದರಿದ್ದಾರೆ." ಎರಡನೆಯ ದಿನ, "ಸಂಚು ಮಾಡುತ್ತಿದ್ದಾರೆ." ಮೂರನೆಯ ದಿನ ಹೇಳಲು ಏನೂ ತೋಚಲಿಲ್ಲ. ಬೈಗುಳವಿಲ್ಲದ್ದರಿಂದ ಒಂದೇ ಪಾಲು. ಹೊಸಬರೂ ಬರಲಿಲ್ಲ. ಹೊರಗಿನವರ ಕಾಟ ನಿಂತ ಮೇಲೆ ಉಂಡೆಗಳಿಗೆ ಪಕ್ಕದವರ ಕಾಟ ಗೊತ್ತಾಗತೊಡಗಿತು.

"ನಿನ್ನ ಚಿಪ್ಪು ಚುಚ್ಚುತ್ತೆ, ಆಚೆ ಸರಿ."

"ಹೂಸು ಬಿಟ್ಟಿದ್ದು ಯಾರು?"

"ನಮ್ಮಿಂದ ಏನಾದ್ರೂ ತಪ್ಪಾಯಿತಾ? ಯಾರೂ ಬೈತಾನೇ ಇಲ್ಲವಲ್ಲ."

ಈ ಕೊನೆಯ ಮಾತು ಕೇಳಿ ಉಂಡೆಯಪ್ಪನಿಗೆ ಭಯವಾಯಿತು. ಐದನೆಯ ದಿನ ಬೆಳಗ್ಗೆ, ಧ್ಯಾನಕ್ಕೆ ಹೋಗುತ್ತೇನೆಂದು ಹೇಳಿ, ಅತ್ತಿಮರದ ಕೆಳಗೆ ಬಂದ.

"ಏನಪ್ಪ ಬೋಡ, ಆರೋಗ್ಯವಾ? ನಾಲ್ಕು ದಿನದಿಂದ ನಮ್ಮ ಕಡೆ ಕಾಣಲೇ ಇಲ್ಲ."

"ಚೌಡಕ್ಕ ಬೇಡ ಅಂದಿದಾಳೆ."

"ಒಂದು ಸಲ ಬಂದು ನಾಲ್ಕು ಮಾತು ಬೈದು ಹೋಗು. ಉಪ್ಪುಮಣ್ಣು ಅಗೆದು ಕೊಡ್ತೀನಿ."

ಮುಸುವಗಳಿಗೆ ಉಪ್ಪುಮಣ್ಣು ಎಂದರೆ ಪ್ರಾಣ. ಅಗೆಯಲು ಮಾತ್ರ ಅವುಗಳಿಂದಾಗದು. ಬೋಡ ತಲೆ ಕೆರೆದುಕೊಂಡ. ಕೊಟ್ಟ ಮಾತು ಒಂದು ಕಡೆ, ಉಪ್ಪು ಒಂದು ಕಡೆ.

"ಎರಡು ಹಿಡಿ ಕೊಡು. ಏನು ಬೈಯಬೇಕು ಹೇಳು."

"ಮೂರ್ಖರು ಅನ್ನು. ನಿಮ್ಮ ಗುರುವನ್ನು ಕೊಲ್ತೀವಿ ಅನ್ನು. ಅದು ಮುಖ್ಯ. ಕೊಂದು ಹಳ್ಳಕ್ಕೆ ಎಸೀತೀವಿ ಅನ್ನು."

ಸಂಜೆ ಬೋಡ ಒಬ್ಬನೇ ಬಂದ. ಬಾಯಿತುಂಬ ಉಪ್ಪುಮಣ್ಣು. ಮಡುವಿನ ಮೇಲಿನ ಕೊಂಬೆಯಲ್ಲಿ ಕೂತು ನುಂಗಿಕೊಂಡ.

"ಏ ಹಲಸಿನಕಾಯಿಗಳಾ. ನೀವೆಲ್ಲ ಮೂರ್ಖರು."

ಉಂಡೆಗಳಿಗೆ ಜೀವ ಬಂತು. ಎಲ್ಲವೂ ಬಿಗಿಯಾದವು.

"ನಿಮ್ಮ ಗುರುವನ್ನು ಕೊಲ್ತೀವಿ." ಬೋಡ ನಿಲ್ಲಿಸಿದ. ಕಂಕುಳು ಕೆರೆದುಕೊಂಡ. "ಉಂಡೆಯಪ್ಪ, ಆಮೇಲೆ ಏನೋ ಹೇಳಿಕೊಟ್ಟಿದ್ದೆಯಲ್ಲ. ಕೊಂದು ಎಲ್ಲಿಗೆ ಎಸೀಬೇಕು?"

ಬೋಡ ಕೊಂಬೆಯಿಂದ ಕೆಳಗೆ ಬಾಗಿದ.

"ಇನ್ನೊಂದು ಮಾತು. ಎರಡು ಹಿಡಿ ಉಪ್ಪುಮಣ್ಣು ಅಂತ ಒಪ್ಪಿಕೊಂಡು ಒಂದೇ ಹಿಡಿ ಕೊಟ್ಟಿದೀಯ."

ಈಗ ಎಲ್ಲರೂ ಎದ್ದು ಉಂಡೆಯಪ್ಪನನ್ನು ಓಡಿಸಿದರು ಎಂದು ನೀವು ಅಂದುಕೊಂಡಿರಬಹುದು. ಇಲ್ಲ. ಎರಡನೆಯ ಉಂಡೆ ಗಂಟಲು ಸರಿಮಾಡಿಕೊಂಡಿತು.

"ನೋಡಿದಿರಾ ಗುರುಗಳ ಕರುಣೆ. ಬೈಗುಳ ಸಿಗದ ಕಾಲದಲ್ಲಿ ನಮಗಾಗಿ ಎಲ್ಲಿಂದಲೋ ಬೈಗುಳ ತಂದರು."

"ಹೌದು ಹೌದು," ಎಂದವು ಉಳಿದವು. "ಅದೂ ಸ್ವಂತ ಉಗುರಿನಿಂದ ಅಗೆದು."

ಉಂಡೆಯಪ್ಪನಿಗೇ ಆಶ್ಚರ್ಯವಾಯಿತು. ಈ ಉತ್ತರ ಅವನಿಗೂ ಹೊಳೆದಿರಲಿಲ್ಲ. "ಎರಡು ಪಾಲು," ಎಂದ.

ಆಗ ಸಣ್ಣೀರನಿಗೆ ನಗು ಬಂತು.

ತಡೆದುಕೊಳ್ಳಲು ನೋಡಿದ. ಸುತ್ತಿಕೊಂಡು ನಗುವುದು ಬಲು ಕಷ್ಟ. ನಗಲು ಹೊಟ್ಟೆ ಅಲುಗಬೇಕು, ಹೊಟ್ಟೆಯ ಮೇಲೆ ತಲೆ ಇರುತ್ತದೆ. ನಗು ಒಳಗೇ ತಿರುಗಿ ತಿರುಗಿ ಕೊನೆಗೆ ಮೂಗಿನಿಂದ ನುಗ್ಗಿತು. ಸಣ್ಣೀರ ಪಟ್ಟನೆ ಬಿಚ್ಚಿಕೊಂಡು ಅಂಗಾತ ಬಿದ್ದ. ಬಿದ್ದುಕೊಂಡೇ ನಕ್ಕ.

"ಸಣ್ಣೀರ ಬಿಚ್ಚಿದ," ಎಂದ ಪಕ್ಕದವನು.

"ಅವನನ್ನು ಯಾರೂ ಮೂಸಬೇಡಿ," ಎಂದ ಉಂಡೆಯಪ್ಪ. "ಅವನು ಸತ್ತ."

ಸಣ್ಣೀರನ ನಗು ನಿಂತಿತು. ಮತ್ತೆ ಸುತ್ತಿಕೊಂಡು ತಪ್ಪಾಯಿತು ಅನ್ನೋಣವೇ ಎಂದುಕೊಂಡ. ಎರಡು ತಿಂಗಳು ಅಂಟಿಕೊಂಡು ಮಲಗಿದ್ದವರು ಒಬ್ಬೊಬ್ಬರಾಗಿ ಆಚೆ ಸರಿದರು. ಉಗುರು ಸವೆದಿತ್ತು. ಮುಂದೆ ಹೊಟ್ಟೆಗೆ ಏನು ಎಂದು ಗೊತ್ತಿರಲಿಲ್ಲ.

ದಡದ ಮೇಲೆ ಚೌಡಕ್ಕ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ನಾಲಿಗೆಯ ತುದಿಗೆ ಏನೇನು ಬಂದಿತ್ತೋ ಬರೆದರೆ ಒಂದು ಪುಟವಾಗುತ್ತದೆ.

"ಗೆದ್ದಲು ಇದೆ," ಎಂದಳು. "ತಿಂತೀಯಾ?"

ಸಣ್ಣೀರ ಇಳಿಜಾರು ಹತ್ತಿ ಬಂದ.

ಬಿಲದಲ್ಲಿ ಅವಳೇ ಅಗೆದು ತಂದು ಅವನಿಗೆ ತಿನ್ನಿಸಿದಳು. ಎಲೆ ಬಿದ್ದಾಗ ಅವನು ಉಂಡೆಯಾದ. ಅವಳು ಕಾದಳು. ಬಿಚ್ಚಿಕೊಂಡ. ಮೂರು ದಿನ ಹೀಗೇ ನಡೆದ ಮೇಲೆ ಅವನೇ ಕೇಳಿದ.

"ಬೈಯಲ್ವಾ ಅಕ್ಕ?"

"ಇದ್ದಷ್ಟೂ ಮಡುವಿಗೆ ಸುರಿದು ಬಂದೆ. ಇನ್ನು ಇಲ್ಲ."

ಸಣ್ಣೀರ ಬಿಲಕ್ಕೆ ಮರಳಿದ ಹನ್ನೆರಡನೆಯ ದಿನ ಮಧ್ಯಾಹ್ನ ಗುಡ್ಡದ ಕಡೆ ಆಕಾಶ ಕಪ್ಪಾಯಿತು. ಇಲ್ಲಿ ಹನಿ ಬೀಳುವ ಮೊದಲೇ ಹಳ್ಳ ಬಂತು, ಹಿಂದೆಯೇ ಮಳೆ. ಇಳಿಜಾರು ಇದ್ದ ಕಡೆಯಿಂದಲೇ ನೀರು ಮಡುವಿಗೆ ನುಗ್ಗಿತು. ಉಳಿದದ್ದು ಕಡಿದಾದ ದಡ. ಅದನ್ನು ಹತ್ತಲು ಉಗುರು ಬೇಕು.

ಎಲ್ಲರಿಗಿಂತ ಮೊದಲು ಬಿಚ್ಚಿಕೊಂಡವನು ಉಂಡೆಯಪ್ಪ. ಕುಡುಗೋಲು ಉಗುರು ಊರಿ ನಾಲ್ಕೇ ನೆಗೆತಕ್ಕೆ ಮೇಲೆ ಬಂದ. "ಗಟ್ಟಿಯಾಗಿ ಸುತ್ತಿಕೊಳ್ಳಿ," ಎಂದು ಕೆಳಗೆ ಕೂಗಿ, ನೆನೆಯದಂತೆ ಪೊದೆಯೊಳಗೆ ಕೂತ.

ಅಕ್ಕ ತಮ್ಮ ಓಡಿ ಬಂದರು. ಚೌಡಕ್ಕ ಮಾತಿಲ್ಲದೆ ದಡ ಅಗೆಯತೊಡಗಿದಳು. ಮರದ ಮೇಲಿಂದ ಬೋಡ ಅರಚಿದ, "ಏಳ್ರೋ, ಮುಳುಗ್ತೀರೋ, ದಡ್ಡರಾ." ಹದಿನೆಂಟು ಉಂಡೆಗಳೂ ಬಿಗಿಯಾದವು.

"ಬೋಡಣ್ಣ, ಕೈ ಮುಗೀತೀನಿ, ಬಾಯಿ ಮುಚ್ಚು," ಎಂದ ಸಣ್ಣೀರ.

ಅಕ್ಕ ಅಗೆದ ದಾರಿಯಲ್ಲಿ ಜಾರಿಕೊಂಡು ಇಳಿದ. ನೀರು ಹೊಟ್ಟೆಗೆ ಬಂದಿತ್ತು. ಅವನಿಗೆ ವಿಪರೀತ ಹೆದರಿಕೆಯಾಗಿತ್ತು. ಒಂದೊಂದು ಉಂಡೆಗೂ ಮೂಗು ತಾಗಿಸಿ ಮೆಲ್ಲಗೆ ಹೇಳಿದ.

"ನಾನು ಸಣ್ಣೀರ. ಸತ್ತವನು. ಇಲ್ಲೊಂದು ದಾರಿಯಿದೆ. ಮೇಲೆ ಹೋಗಿ ಸುತ್ತಿಕೋ. ಅಲ್ಲೂ ಸುತ್ತಿಕೊಳ್ಳಬಹುದು."

ಮೊದಲು ಒಂದು ಮೂಗು ಹೊರಗೆ ಬಂತು. ಆಮೇಲೆ ಮೂರು. ಆಮೇಲೆ ನೂಕುನುಗ್ಗಲು. ಚೌಡಕ್ಕ ಮೇಲಿನಿಂದ ಒಬ್ಬೊಬ್ಬರನ್ನೇ ಎಳೆದುಕೊಂಡಳು. ಹದಿನಾರು ಮಂದಿ ಬಂದರು. ಕೊನೆಗೆ ಸಣ್ಣೀರನನ್ನು ಕತ್ತಿನ ಚಿಪ್ಪು ಹಿಡಿದು ಎಳೆದಳು.

ಇಬ್ಬರು ಬಿಚ್ಚಲಿಲ್ಲ. ಅವರು ತೇಲಲಿಲ್ಲ.

ಮಳೆ ನಿಂತಿತು. ಉಂಡೆಯಪ್ಪ ಪೊದೆಯಿಂದ ಹೊರಗೆ ಬಂದ.

"ನೋಡಿದಿರಾ? ಇಷ್ಟು ದಿನ ಸುತ್ತಿಕೊಂಡಿದ್ದಕ್ಕೆ ಉಳಿದಿರಿ."

"ಆ ಇಬ್ಬರು?" ಎಂದು ಯಾರೋ ಕೇಳಿದರು.

"ಹುತ್ತಗಳ ಲೋಕ ಸೇರಿದರು. ನಿಮಗೆ ಇನ್ನೂ ಆ ಯೋಗ್ಯತೆ ಬಂದಿಲ್ಲ. ಬನ್ನಿ, ಬೇರೆ ಮಡು ನೋಡೋಣ."

ಹನ್ನೊಂದು ಮಂದಿ ಕದಲಲಿಲ್ಲ. ಐವರು ಅವನ ಹಿಂದೆ ಹೊರಟರು. ಹೌದು, ಹೊರಟರು. ಬೋಡ ಬಾಯಿ ತೆರೆದ. ಚೌಡಕ್ಕ ಅವನತ್ತ ನೋಡಿದಳು. ಅವನು ಬಾಯಿಗೆ ಒಂದು ಕಾಯಿ ತುರುಕಿಕೊಂಡ. ಅವಳು ಹೊರಟವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ನಮ್ಮ ಬಿಲ ಕಗ್ಗಲಿ ಮರದ ಬುಡದಲ್ಲಿದೆ. ಬಾಗಿಲು ಮೂಡಣಕ್ಕೆ. ಗುರುತಿರಲಿ."

ಯಾರೂ ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಬಿಲದ ಬಾಯಲ್ಲಿ ಯಾರೋ ಮೂಸುವ ಸದ್ದು ಕೇಳಿಸಿತು. ಯಾರು ಎಂದು ಅಕ್ಕ ತಮ್ಮ ಇಬ್ಬರೂ ಕೇಳಲಿಲ್ಲ. ಸಣ್ಣೀರ ಒಳಗೆ ಸರಿದು ಜಾಗ ಮಾಡಿದ.

ನೀತಿ: ಸುತ್ತಿಕೊಂಡವನನ್ನು ತಿವಿದು ಬಿಚ್ಚಲಾಗದು; ಬೈಗುಳವನ್ನೇ ಉಂಡು ಬದುಕುವ ಗುರುವಿಗೆ ಬೈಗುಳ ಬಡಿಸಬೇಡಿ, ಅವನ ಹಿಂದೆ ಹೋದವನಿಗೆ ಮನೆಯ ಬಾಗಿಲು ಮುಚ್ಚಬೇಡಿ.